ಮೊದಲು ಹೆಸರು, ಆಮೇಲೆ ಪ್ರಶ್ನೆ

ಹುಬ್ಬಳ್ಳಿ
16 ನವೆಂಬರ್ 2025

ಪ್ರೀತಿಯ ವೆಂಕಣ್ಣ ಕಾಕಾ,

ನಮಸ್ಕಾರ. ದಸರೆಯ ಹೊತ್ತಿಗೆ ಬಂದ ನಿಮ್ಮ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಮೆಸೇಜು ನೀವು ನೋಡುವುದಿಲ್ಲ, ಹೀಗಾಗಿ ಪೆನ್ನು ಹಿಡಿಯಲೇಬೇಕು. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ಕನ್ನಡ ಅಕ್ಷರಗಳು ಇನ್ನೂ ಸೊಟ್ಟಗೇ ಇವೆ. ನೀವು ಕೆಂಪು ಪೆನ್ನು ತೆಗೆಯದಿದ್ದರೆ ಸಾಕು. ಕಲಬುರಗಿಯ ಬಿಸಿಲು ತುಸು ಇಳಿದಿರಬೇಕು. ಚಿನ್ಮಯೀ ಸಂಜೆ ನಿಮ್ಮನ್ನು ವಾಕಿಂಗಿಗೆ ಹೊರಡಿಸುತ್ತಾಳೋ, ಇಲ್ಲ ಮಗಳ ಮಾತನ್ನೂ ಮಂತ್ರಿಗಳ ಮಾತಿನ ಹಾಗೆ ಅನುಮಾನದಿಂದಲೇ ಕೇಳುತ್ತೀರೋ?

ಇಲ್ಲಿ ಎಲ್ಲರೂ ಸೌಖ್ಯ. ಅಮ್ಮ ಭಾನುವಾರ ಚರ್ಚಿಗೆ ಇನ್ನೂ ನಡೆದೇ ಹೋಗುತ್ತಾರೆ. ಆಫೀಸಿನಲ್ಲಿ ನೀವು ಕೂರುತ್ತಿದ್ದ ಕಿಟಕಿ ಪಕ್ಕದ ಜಾಗದಲ್ಲಿ ಈಗ ಸೌರಭ ಕೂರುತ್ತಾನೆ. ಬ್ಯೂರೋ ಮುಖ್ಯಸ್ಥನಾದ ಮೇಲೂ ನನ್ನನ್ನು ಮೇಡಂ ಅನ್ನುವುದು ಬಿಟ್ಟಿಲ್ಲ.

ಸುದ್ದಿಗೆ ಬರುತ್ತೇನೆ. ಈ ತಿಂಗಳ ಮೊದಲಿಗೆ ಆ ಕೇಂದ್ರ ಮಂತ್ರಿ ಮತ್ತೆ ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ಈಗಿನ ಪದ್ಧತಿ ನಿಮಗೆ ಗೊತ್ತು: ನಿಂತ ನಿಲುವಿನಲ್ಲಿ ಒಂದೇ ಪ್ರಶ್ನೆ. ಅದಕ್ಕೇ ನಾವು ವರದಿಗಾರರೆಲ್ಲ ಮೊದಲೇ ಚಹಾದಂಗಡಿಯಲ್ಲಿ ಸೇರಿ, ಯಾವ ಪ್ರಶ್ನೆ, ಯಾರು ಕೇಳಬೇಕು ಎಂದು ನಿರ್ಧರಿಸಿಕೊಳ್ಳುತ್ತೇವೆ. ನೀವು ನಿವೃತ್ತರಾದಂದಿನಿಂದ ಕೇಳುವವಳು ಹೆಚ್ಚಾಗಿ ನಾನೇ. ಹಿಂದಿ, ಇಂಗ್ಲಿಷ್ ಎರಡೂ ಸಲೀಸು, ದನಿಯೂ ದೊಡ್ಡದು ಎಂಬ ಕಾರಣಕ್ಕೆ.

ಪ್ರಶ್ನೆಯ ಬಗ್ಗೆ ಯಾರದೂ ತಕರಾರಿರಲಿಲ್ಲ. ಲಕಮನಹಳ್ಳಿಯ ಕಾರ್ಖಾನೆಯ ಬೆಂಕಿ. ಕೇಂದ್ರದ ತನಿಖಾ ಸಮಿತಿ ವರದಿ ಕೊಟ್ಟು ವರ್ಷವಾದರೂ ಅದು ಹೊರಗೆ ಬಂದಿರಲಿಲ್ಲ. ಹಳೇ ಹುಬ್ಬಳ್ಳಿಯ ಖಾತುನಬಿಯವರ ಮಗಳು ಅಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು, ಆ ಬೆಂಕಿಯಲ್ಲೇ ಹೋದಳು. ನನ್ನನ್ನು ಕಂಡಾಗಲೆಲ್ಲ ಅವರು ಕೇಳುತ್ತಿದ್ದುದು ಒಂದೇ: "ಬಾಗಲಕ್ಕ ಹೊರಗಿಂದ ಕೀಲಿ ಹಾಕಿದ್ರೇನವ್ವಾ? ಅಷ್ಟು ಗೊತ್ತಾದ್ರ ಸಾಕು."

ಮಾರ್ಚಿನಲ್ಲಿ ಇದೇ ಮಂತ್ರಿಗೆ ಈ ಪ್ರಶ್ನೆಯನ್ನು ನಾನೇ ಕೇಳಿದ್ದೆ. ನೀವು ಕಲಿಸಿದ ಹಾಗೆ ನೆಟ್ಟಗೆ ನಿಂತು, ಮೊದಲು ಹೆಸರು, ಆಮೇಲೆ ಪತ್ರಿಕೆ, ಆಮೇಲೆ ಪೀಠಿಕೆಯಿಲ್ಲದ ಪ್ರಶ್ನೆ. ಅವರು ನನ್ನ ಹೆಸರನ್ನು ಇನ್ನೊಮ್ಮೆ ಹೇಳಿಸಿದರು. "ಪ್ರಿಸಿಲ್ಲಾ! ಇಂಥ ಪ್ರಶ್ನೆಗಳು ಎಲ್ಲಿಂದ ಬರುತ್ತವೆ ಅಂತ ನಮಗೆ ಗೊತ್ತು" ಎಂದು ಹಿಂದಿಯಲ್ಲಿ ಹೇಳಿ, ನಗುತ್ತ ಕಾರು ಹತ್ತಿದರು. ಸುತ್ತ ಇದ್ದವರೂ ನಕ್ಕರು. ಅದನ್ನು ಆಗಲೇ ನಿಮಗೆ ಬರೆದಿದ್ದೆ.

ಈ ಸಲ ಚಹಾ ಮುಗಿಯುವ ಹೊತ್ತಿಗೆ ಸೌರಭ ಕಪ್ಪನ್ನೇ ನೋಡುತ್ತ ಹೇಳಿದ, "ಮೇಡಂ, ಇವತ್ತ ಋತುಜಾ ಕೇಳ್ಲಿ ಬಿಡ್ರಿ."

"ಯಾಕೋ, ನನ್ನ ದನಿ ಬಿದ್ದೈತೇನು?"

"ಹಂಗಲ್ರಿ. ನೀವು ಕೇಳಿದ್ರ ಅವ್ರು ನಿಮ್ಮ ಹೆಸರಿಗೇ ಜವಾಬು ಕೊಟ್ಟು ಹೋಗಿಬಿಡ್ತಾರ. ಪ್ರಶ್ನೆ ಹಂಗ ಉಳೀತೈತಿ. ನಮಗ ವರದಿ ಬೇಕಲ್ರಿ?"

ಋತುಜಾ ನಮ್ಮ ಬ್ಯೂರೋಗೆ ಹೊಸಬಳು, ಬೆಚ್ಚಿಬಿದ್ದಳು. "ನನಗ ಬ್ಯಾಡ್ರಿ ಅಕ್ಕಾ, ಈಗ ಕೈ ನಡಗಾಕತ್ತಾವ."

"ಕೈ ನಡಗಲಿ. ಹೆಸರು ಹೇಳೂಮುಂದ ದನಿ ನಡಗಬಾರದು ಅಷ್ಟ" ಎಂದೆ.

ಹೇಳಿದ ಮೇಲೆ ನೆನಪಾಯಿತು, ಅದು ನಿಮ್ಮ ಮಾತು. ನಾನಿನ್ನೂ ಹೊಸಬಳಿದ್ದಾಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ, ದಿಲ್ಲಿಯ ಆ ದೊಡ್ಡ ನಾಯಕರು ಬೋಗಿಯ ಬಾಗಿಲಲ್ಲಿ ನಿಂತಿದ್ದಾಗ, ನನ್ನನ್ನು ಹಿಂದಿನಿಂದ ನೂಕಿ ಹೇಳಿದ್ದಿರಿ. ಅವರು ನನ್ನ ಪ್ರಶ್ನೆಗೆ ಕೆಂಡವಾದರು, ಆದರೆ ಉತ್ತರ ಕೊಟ್ಟರು. ಮುಂದಿನ ಸಲ ಬಂದಾಗ, "ಎಲ್ಲಿ ಆ ಪ್ರಿಸಿಲ್ಲಾ? ಇವತ್ತು ಏನೂ ಕೇಳೋದಿಲ್ಲವಾ?" ಎಂದು ತಾವೇ ಹುಡುಕಿದರು. "ಹೆಸರು ಹೇಳಿ ಕೇಳಿದ್ರ ಪ್ರಶ್ನಿಗೆ ಒಬ್ಬರು ಹೊಣಿ ಇರ್ತಾರ" ಎನ್ನುತ್ತಿದ್ದಿರಿ. ನಿಮ್ಮಷ್ಟು ದೀರ್ಘಕಾಲವಲ್ಲದಿದ್ದರೂ, ಬಂದುಹೋದ ಎಷ್ಟೋ ನಾಯಕರ ಮುಂದೆ ಹಾಗೆಯೇ ನಿಂತು ಕೇಳಿದ್ದೇನೆ.

ಋತುಜಾ ಚೆನ್ನಾಗಿಯೇ ಕೇಳಿದಳು. ನಾನು ಹಿಂದೆ, ಕ್ಯಾಮೆರಾದವರ ನಡುವೆ ನಿಂತಿದ್ದೆ. ಮಂತ್ರಿ ನಿಂತರು, ಯೋಚಿಸಿದರು, ವಾರದೊಳಗೆ ವರದಿ ಬಿಡುಗಡೆ ಮಾಡುತ್ತೇವೆ ಎಂದರು. ಎಲ್ಲ ಚಾನೆಲ್ಲಿನಲ್ಲೂ ಬಂತು. ಆಡಿದ ಮಾತು ನುಂಗಲಾಗಲಿಲ್ಲವೋ ಏನೋ, ಮಾಡಿಯೂಬಿಟ್ಟರು.

ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕಿತ್ತು, ಕಾಕಾ.

ಖಾತುನಬಿಗೆ ನಾನೇ ಹೋಗಿ ಹೇಳಿದೆ. ಅವರು ಅಳಲಿಲ್ಲ. "ನಾ ಅಂದಿದ್ದು ಖರೇ ಆತಲ್ಲ" ಎಂದರು. ಆಮೇಲೆ, "ಟಿವ್ಯಾಗ ಕೇಳಿದ್ಲಲ್ಲ, ಆ ಹುಡುಗಿ ಯಾರವ್ವಾ? ಒಮ್ಮಿ ಕರ್ಕೊಂಡು ಬಾ. ಕೈಯಾರೆ ಚಹಾ ಮಾಡಿ ಕೊಡ್ತೇನಿ" ಎಂದರು. ಕರೆದುಕೊಂಡು ಹೋದೆ. ಋತುಜಾ ನಾಚಿಕೆಯಿಂದ ಚಹಾ ಮುಟ್ಟಲಿಲ್ಲ. ನನ್ನದು ನಾನು ಕುಡಿದೆ.

ಅಂದಿನಿಂದ ಯೋಚಿಸುತ್ತಿದ್ದೇನೆ. ನಾನೇ ಕೇಳಿದ್ದರೆ ವರದಿ ಇನ್ನೂ ಒಳಗೇ ಇರುತ್ತಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಹಾಗಾದರೆ ಸರಿಯಾಯಿತು ಅನ್ನಬೇಕು. ಆದರೆ ನಾಳೆ ಇನ್ನೊಬ್ಬ ಮಂತ್ರಿ ಬರುತ್ತಾರೆ, ನಮ್ಮವರು ಮತ್ತೆ ನನ್ನನ್ನು ಹಿಂದೆ ನಿಲ್ಲಿಸುತ್ತಾರೆ, ಅದೂ ಒಳ್ಳೆಯ ಕಾರಣಕ್ಕೇ. ಮಂತ್ರಿ ನಕ್ಕಾಗ ನನಗೆ ಸಿಟ್ಟು ಬಂದಿತ್ತು. ನಮ್ಮವರು ಮೆಲ್ಲಗೆ ಹೇಳಿದಾಗ ಸಿಟ್ಟು ಮಾಡಲೂ ಆಗಲಿಲ್ಲ. ಇದು ಜಾಣತನವೋ ಸೋಲೋ, ನನಗೆ ತಿಳಿಯುತ್ತಿಲ್ಲ.

ಅಮ್ಮ ಕ್ರಿಸ್‌ಮಸ್ಸಿಗೆ ಕರ್ಜಿಕಾಯಿ ಕಳಿಸುತ್ತಾರೆ. ಸಕ್ಕರೆ ಕಾಯಿಲೆಯ ನೆಪ ಹೇಳದೆ ಒಂದಾದರೂ ತಿನ್ನಿ. ನಿಮ್ಮ ಕಿವಿಗೋಸ್ಕರ ದಿನಾ ಪ್ರಾರ್ಥನೆ ಮಾಡುತ್ತಾರಂತೆ; ನೀವು ನಂಬದಿದ್ದರೂ ಅಡ್ಡಿಯಿಲ್ಲವಂತೆ. ಚಿನ್ಮಯೀಗೆ ನನ್ನ ಪ್ರೀತಿ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿ ಇಟ್ಟಿರಲಿ.

ನಿಮ್ಮ,
ಪ್ರಿಸಿಲ್ಲಾ

ತಾ.ಕ.: ಇದನ್ನು ಮೇಲೆ ಬರೆಯಲು ಆಗಲಿಲ್ಲ. ನಿನ್ನೆ ಸೌರಭ ಬಾಯಿಬಿಟ್ಟ. "ಖರೇ ಹೇಳ್ತೇನ್ರಿ ಮೇಡಂ, ಅದು ನನ್ನ ವಿಚಾರ ಅಲ್ರಿ. ವೆಂಕಣ್ಣ ಸರ್ ಚಿನ್ಮಯೀ ಅಕ್ಕನ ಕಡಿಂದ ನನಗ ಫೋನ್ ಮಾಡಿಸಿದ್ರು. ಈ ಸಲ ಪ್ರಿಸಿಲ್ಲಾ ಕೇಳೂದು ಬ್ಯಾಡ, ನಾ ಅಂದೆ ಅಂತ ಆಕಿಗೆ ಹೇಳಬ್ಯಾಡ್ರಿ ಅಂದ್ರು." ನಿಮ್ಮ ಸಲಹೆ ಸರಿಯಾಗಿಯೇ ಇತ್ತು, ಅದಕ್ಕೆ ನನ್ನ ಜಗಳವಿಲ್ಲ. ನೀವು ಕಲಿಸಿದ ಕ್ರಮದಲ್ಲೇ, ಪೀಠಿಕೆಯಿಲ್ಲದೆ, ಒಂದೇ ಪ್ರಶ್ನೆ ಕೇಳುತ್ತೇನೆ. ನಾನು ಪ್ರಿಸಿಲ್ಲಾ, ಹುಬ್ಬಳ್ಳಿಯಿಂದ. ನನಗೇ ಯಾಕೆ ಹೇಳಲಿಲ್ಲ, ಕಾಕಾ?