ಹಳದಿ ಹೂವಿನ ನೈಟಿ

ಐವರ್ನಾಡು

ಭವಿತಾ,

ಮದುವೆಯ ನಂತರದ ಮೊದಲ ಆಟಿ ತಿಂಗಳು ಅಂತ ನೀನು ತವರಿಗೆ ಹೋದದ್ದೇ ಹೋದದ್ದು, ಹಿತ್ತಲಿನ ನಿನ್ನ ಕೋಳಿಗಳು ಸಂಜೆ ಗೂಡಿಗೆ ಹೋಗುದಿಲ್ಲ. ನಾನು ಅಕ್ಕಿ ಹಾಕಿ ಕರೆದರೂ ಪೇರಳೆ ಮರ ಹತ್ತಿ ಕೂರ್ತವೆ. ಮುದ್ದಿಗೆ ಸಾಕುವ ಕೋಳಿ ಎಂತಕ್ಕೆ ಅಂತ ನಾನು ಬೈದದ್ದು ಅವಕ್ಕೆ ನೆನಪುಂಟು ಅಂತ ಕಾಣ್ತದೆ.

ಕಾಡುಬೆಕ್ಕು ಹಿಡಿದರೆ ನಿನಗೆ ಎಂತ ಹೇಳುದು? ಕಡೆಗೆ ನಿನ್ನ ಹಳದಿ ಹೂವಿನ ನೈಟಿ ಹಾಕಿಕೊಂಡು ಹಿತ್ತಲಿಗೆ ಇಳಿದೆ. ಎಲ್ಲವೂ ಮರ ಇಳಿದು ಹಿಂದೆಯೇ ಬಂದವು. ಈಗ ದಿನಾ ಅದೇ ವೇಷ. ಭುಜದ ಹತ್ತಿರ ಸ್ವಲ್ಪ ಹರಿದಿದೆ, ಹೊಲಿದು ಇಡ್ತೇನೆ.

ನಿನ್ನೆ ನಿನ್ನ ರೂಪೇಶ ಕೆಲಸದಿಂದ ಬಂದವನು ನನ್ನನ್ನು ಹಿಂದಿನಿಂದ ನೋಡಿ, "ಯಾವಾಗ ಬಂದದ್ದು ಮಾರಾಯ್ತಿ?" ಅಂತ ಓಡಿ ಬಂದ. ನಾನು ತಿರುಗಿದೆ. ಅವನು ನನ್ನ ಕೈಯಿಂದ ಅಕ್ಕಿ ಇದ್ದ ತೆಂಗಿನ ಗೆರಟೆ ತೆಗೆದುಕೊಂಡು ಕೋಳಿಗಳಿಗೆ ಹಾಕಿದ.

ಆಟಿ ಮುಗಿಯದೆ ನೀನು ಬರುವ ಹಾಗಿಲ್ಲ, ಕ್ರಮ ಅಂದರೆ ಕ್ರಮ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಕಾಗದ ಆದರೆ ಅವನ ಕೈಯಲ್ಲೇ ಕಳಿಸಬಹುದು.

ಅಳಿಯ ಬಂದ ಅಂತ ನಿನ್ನ ಅಮ್ಮ ಕೋಳಿ ಪದಾರ್ಥ ಮಾಡುದು ಬೇಡ, ಮೀನು ಸಾಕು. ಕಾಗದ ಕೊಟ್ಟು ಈಗಲೇ ಹೊರಟೆ ಅಂತಾನೆ. ನಾಲ್ಕು ದಿನ ಅವನನ್ನು ಬಿಡಬೇಡ.

ಕೋಳಿಗಳಿಗೆ ನೈಟಿ ಇದ್ದರೆ ಸಾಕಾಗ್ತದೆ.

ನಿನ್ನ ಅತ್ತೆ
ಶೀಲಾವತಿ