ನಮ್ಮ ತೀರದ ಮರಳು

ಅರಿಗ್ನಾ, ಬುಧವಾರ

ಅಪ್ಪಾ,

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರಬಹುದು, ಹೊಂದಿಸಿಕೊಂಡು ಓದು. ನಮ್ಮೂರಿನ ಡಿಂಗಲ್ ರೈಲು ಲೈನ್ ಮುಚ್ಚಿದ ಮೇಲೆ ನನ್ನ ಜೊತೆ ಇಲ್ಲಿಗೆ ಬಂದ, ನೀನು ಕೆಲಸ ಮಾಡುತ್ತಿದ್ದ ಉಗಿ ಎಂಜಿನ್ನಿಗೆ ನಿನ್ನೆ ಪರೀಕ್ಷೆಯಿತ್ತು. ಕಲ್ಲಿದ್ದಲ ಗಾಡಿಗಳನ್ನು ಎಳೆದು ಏರು ಹತ್ತದಿದ್ದರೆ, ಅದೇ ಅಚ್ಚಿನ ಇನ್ನೊಂದರಂತೆ ಇದನ್ನೂ ಗುಜರಿಗೆ ಕಳಿಸುತ್ತೇನೆಂದು ಮೇಸ್ತ್ರಿ ಹೇಳಿದ್ದರು.

ಏರಿನ ನಡುವೆ ಒದ್ದೆ ಹಳಿಯ ಮೇಲೆ ಚಕ್ರಗಳು ನಿಂತಲ್ಲೇ ಸುತ್ತತೊಡಗಿದವು.

"ನಿಮ್ಮ ಕೆರ್ರಿ ಸೀಮೆಯ ಮುದುಕಿಗೆ ಮಂಡಿ ನೋವು ಕಣೋ," ಎಂದು ಎಂಜಿನ್ನನ್ನು ಆಡಿಕೊಂಡ ಡ್ರೈವರ್ ಪ್ಯಾಕಿ.

ಚಕ್ರಗಳ ಹಿಡಿತಕ್ಕೆಂದು ಹಳಿಗೆ ಹಾಕುವ ಮರಳಿನ ಪೆಟ್ಟಿಗೆ ತೆರೆದೆ. ತಳದಲ್ಲಿ ನೀನು ಒಣಗಿಸಿ ತುಂಬಿದ್ದ ನಮ್ಮ ಕಡಲತೀರದ ಮರಳು ಇನ್ನೂ ಇತ್ತು, ಚಿಪ್ಪಿನ ಚೂರುಗಳ ಸಮೇತ. ಮುಷ್ಟಿಯಲ್ಲಿ ಹಿಡಿದವನಿಗೆ ಚೆಲ್ಲಲು ಮನಸ್ಸಾಗಲಿಲ್ಲ.

"ಇದೇನೋ, ಬೆಟ್ಟಕ್ಕೆ ಸಮುದ್ರಾನೇ ಹೊತ್ಕೊಂಡು ಬಂದಿದ್ದೀಯಾ? ಹಾಕೋ ಮಾರಾಯ, ಯಾರಿಗೆ ಉಳಿಸ್ತೀಯ?" ಎಂದ ಪ್ಯಾಕಿ.

ಕೆಳಗಿಳಿದು ಎಲ್ಲವನ್ನೂ ಹಳಿಗೆ ಸುರಿದೆ. ಎಂಜಿನ್ ಕೆಮ್ಮುತ್ತಾ ಏರು ಹತ್ತಿತು. ಇನ್ನು ಗುಜರಿಗೆ ಹೋಗುವುದಿಲ್ಲ.

ನನ್ನ ಶೀತ ವಾಸಿಯಾಗಿದೆ, ಅಮ್ಮನಿಗೆ ಹೇಳು. ಗಾಡಿ ಹೊರಡುವ ಹೊತ್ತಾಯಿತು. ಇವತ್ತು ಬೆಳಿಗ್ಗೆ ಇಲ್ಲಿನ ಹೊಳೆಯಿಂದ ಮರಳು ತಂದು, ಒಲೆಯ ಮೇಲೆ ಒಣಗಿಸಿ, ಪೆಟ್ಟಿಗೆಗೆ ತುಂಬಿದೆ.

ನಿನ್ನ ಮುರಿಶ್