ಬಿಡುಗಡೆಯ ಪಟ್ಟಿ

೩ ನವೆಂಬರ್ ೨೦೨೪, ಬೆಳಿಗ್ಗೆ ೭
ಬಿ.ಪಿ. ಗುಳಿಗೆ ಆಯಿತು. ವಾಕಿಂಗ್ ಇಲ್ಲ. ಅರಮನೆಗೆ ಐದನೆಯ ಈಮೇಲ್ ಕಳಿಸಿದೆ. ಇಪ್ಪತ್ತೆರಡು ವರ್ಷ ರಾಯಭಾರ ಕಚೇರಿಗಳಲ್ಲಿ, ಆಮೇಲೆ ಒಂಬತ್ತು ವರ್ಷ ಆ ಅರಬ್ ದೊರೆಯ ಆಸ್ಥಾನದಲ್ಲೇ ಸಲಹೆಗಾರ. ಈಗ ನಿಗಡಿಯ ಫ್ಲ್ಯಾಟಿನಲ್ಲಿ ಕೂತು ಅದೇ ದೊರೆಯ ಮುಂದೆ ಅಳಿಯನಿಗಾಗಿ ಸೆರಗೊಡ್ಡುವುದು...

ಅಳಿಯ ಕೇದಾರ ಅಲ್ಲಿಯ ಜೈಲಿಗೆ ಹೋಗಿ ಹದಿನಾಲ್ಕು ತಿಂಗಳು. ಕ್ರೇನ್ ಬಿದ್ದು ಇಬ್ಬರು ಸತ್ತರು. ತಪಾಸಣೆಯ ಕಾಗದದ ಮೇಲೆ ಇವನ ಸಹಿ. ಹದಿನೈದು ವರ್ಷ ಶಿಕ್ಷೆ. ಉಳಿದಿರುವುದು ಒಂದೇ ದಾರಿ — ೨೫ಕ್ಕೆ ದೊರೆಯ ಹುಟ್ಟುಹಬ್ಬ, ಅಂದು ದೊರೆಯ ಕ್ಷಮೆ ಪಡೆದು ಬಿಡುಗಡೆಯಾಗುವವರ ಪಟ್ಟಿ. ಅವನಿಗೆ ಆ ದೇಶದಲ್ಲಿ ನೌಕರಿ ಕೊಡಿಸಿದವನೂ ನಾನೇ.

೮ ನವೆಂಬರ್
ಹಾಶಿಮ್ ಫೋನ್ ಎತ್ತಿದ! ಈಗ ಅರಮನೆಯ ಮುಖ್ಯ ಕಾರ್ಯದರ್ಶಿ. ನನ್ನ ಕೈಕೆಳಗೆ ಕೆಲಸ ಕಲಿತವನು. "ಪ್ರಲ್ಹಾದ ಸರ್, ವಿಷಯ ಪರಿಶೀಲನೆಯಲ್ಲಿದೆ" ಎಂದ. ಅಷ್ಟೇ.

ಮಗಳು ವರದಾ ಬಾಗಿಲಲ್ಲೇ ನಿಂತಿದ್ದಳು.
"ಅಪ್ಪಾ, ಏನಂದ್ರು?"
"ಪರಿಶೀಲನೆ ನಡದದಂತ."
"ಅಂದ್ರ ಛೊಲೋ ಅಲ್ಲೇನ್ರಿ?"
"ಹೌದವಾ. ಛೊಲೋನ."

ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ. ಕೇಳಿದವರನ್ನು ಸಾಗಹಾಕುವ ಆ ವಾಕ್ಯ ಹಾಶಿಮನಿಗೆ ಹೇಳಿಕೊಟ್ಟವನು ನಾನು. ಗಂಡನನ್ನು ಬಿಡಿಸಿ ಎಂದು ಬೇಡಿದ ಎಷ್ಟು ಹೆಂಗಸರಿಗೆ ಅದನ್ನೇ ಹೇಳಿ ಫೋನ್ ಇಟ್ಟಿದ್ದೇನೋ. ಒಬ್ಬಳ ಹೆಸರೂ ನೆನಪಿಲ್ಲ.

೯ ನವೆಂಬರ್
ಎತ್ತಲಿಲ್ಲ.

೧೦ ನವೆಂಬರ್
ಎತ್ತಲಿಲ್ಲ.

೧೭ ನವೆಂಬರ್, ಮಧ್ಯಾಹ್ನ
ಜೈಲಿನಿಂದ ಕೇದಾರನ ಕಾಲ್. ವಾರಕ್ಕೊಂದೇ, ನಾಲ್ಕು ನಿಮಿಷ. "ಮಾವಾ, ನೀವಿದ್ದೀರಲ್ರಿ, ನನಗೇನ ಚಿಂತಿ ಇಲ್ಲ" ಎಂದ. ಧ್ವನಿ ಭಾಳ ಸಣ್ಣಗಾಗಿದೆ. ಫೋನ್ ವರದಾಳ ಕೈಗೆ ಕೊಟ್ಟು, ಬಾತ್‌ರೂಮಿಗೆ ಹೋಗಿ, ನಳ ಬಿಟ್ಟುಕೊಂಡು ಅತ್ತೆ. ಬೇಕಾದರೆ ಅವನ ಬದಲು ನನ್ನನ್ನೇ ಇಟ್ಟುಕೊಳ್ಳಲಿ. ಎಪ್ಪತ್ತಾರರ ಮುದುಕ, ಎಲ್ಲಿದ್ದರೇನು?

೨೩ ನವೆಂಬರ್, ಬೆಳಿಗ್ಗೆ ೧೧
ಕೊರಿಯರ್ ಬಂತು. ವರದಾ ಓಡಿ ಬಂದಳು.
"ಅಪ್ಪಾ, ಅರಮನಿಯಿಂದ! ಖರ್ಜೂರದ ಡಬ್ಬಿ! ರಾಜಮುದ್ರಿ ಅದ ನೋಡ್ರಿ!"
ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ನಕ್ಕಳು.

ಡಬ್ಬಿ ತಿರುಗಿಸಿ ನೋಡಿದೆ. ಪತ್ರವಿಲ್ಲ. ಇರುವುದೂ ಇಲ್ಲ. ಈ ಪದ್ಧತಿ ಹಾಕಿಕೊಟ್ಟವನು ನಾನೇ — ದೊರೆ 'ಇಲ್ಲ' ಎಂದದ್ದು ಕಾಗದದ ಮೇಲೆ ಉಳಿಯಬಾರದು. ಯಾರ ಅರ್ಜಿ ತಳ್ಳಿಹಾಕಿದರೋ ಅವರ ಮನೆಗೆ ಖರ್ಜೂರ ಕಳಿಸಿದರೆ ಸಾಕು. ಎಷ್ಟು ನಾಜೂಕು ಎಂದು ದೊರೆ ಬೆನ್ನು ತಟ್ಟಿದ್ದರು. ಹಿಗ್ಗಿದ್ದೆ ನಾನು.

ವರದಾ ಡಬ್ಬಿಯನ್ನು ದೇವರ ಮುಂದಿಟ್ಟು ಕೈಮುಗಿದಳು. ಎದುರುಮನೆಯ ಶೀತಲಳನ್ನು ಕರೆದು ಮರಾಠಿಯಲ್ಲಿ ಹೇಳುತ್ತಿದ್ದಾಳೆ, ಕೇದಾರ ಬರುತ್ತಾನೆ ಅಂತ. ಹೇಳಬೇಕು ಇವಳಿಗೆ. ಈಗಲೇ. ಬಾಯಿ ಬರುತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತ ಕೂತಿದ್ದೇನೆ.

ಬಂದಳು. ಬೀಜ ತೆಗೆದು ತಂದಿದ್ದಳು. "ಬರಿಯೂದು ಬಿಡ್ರಿ ಅಪ್ಪಾ, ಮೊದ್ಲ ಬಾಯಿ ತೆಗೀರಿ. ಎಲ್ಲಾ ನಿಮ್ಮಿಂದನ ಆತು."

ತಿಂದೆ. ಇನ್ನೂ ಇಲ್ಲೇ ಇದ್ದಾಳೆ. ಅಷ್ಟೇನು ಬರೀಲಿಕತ್ತೀರಿ ಅಂತ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿ—